ಗುರಿ ಅಭ್ಯಾಸಕ್ಕೆ ಬಂದೂಕಿನ ಆಯ್ಕೆ: ಕಪ್ಪುಮದ್ದಿನ ಪ್ರತಿರೂಪ ರೈಫಲ್, ಕೇಪಿನ ಬಂದೂಕು, ಪಾಯಿಂಟ್ 22 ರೈಫಲ್ ಹಾಗೂ ಏರ್ ರೈಫಲ್ – ಹುಬ್ಬಳ್ಳಿ-ಧಾರವಾಡದ ಅರ್ಜಿದಾರರಿಗೆ ಮಾಹಿತಿ

ಗುರಿ ಹೊಡೆಯುವ ಕ್ರೀಡೆಯ ಅಭ್ಯಾಸಕ್ಕಾಗಿ ಬಂದೂಕು ಹೊಂದಬಯಸುವ ನಾಗರಿಕರಲ್ಲಿ ಕೆಲವರು ಹಳೆಯ ಮಾದರಿಯ, ಕಪ್ಪುಮದ್ದಿನ ತೋಟಾ ಬಳಸುವ ರೈಫಲ್‌ಗಳ ಪ್ರತಿರೂಪಗಳ ಬಗ್ಗೆ ಆಸಕ್ತಿ ಹೊಂದಿರುತ್ತಾರೆ. ಇನ್ನು ಕೆಲವರು ಮನೆಯಲ್ಲಿ ತಲೆಮಾರುಗಳಿಂದ ಬಂದಿರುವ ಕೇಪಿನ ಬಂದೂಕನ್ನೇ ಗುರಿ ಅಭ್ಯಾಸಕ್ಕೆ ಬಳಸಬಹುದೆಂದು ಭಾವಿಸಿರುತ್ತಾರೆ. "ಹಳೆಯ ಮಾದರಿ" ಎಂಬ ಕಾರಣಕ್ಕೆ ಇವುಗಳಿಗೆ ಪರವಾನಗಿ ಬೇಡವೆಂಬ ತಿಳುವಳಿಕೆಯೂ ಸಾರ್ವಜನಿಕರಲ್ಲಿ ಇದೆ. ಈ ತಿಳುವಳಿಕೆ ಸರಿಯಲ್ಲ. ಆಯುಧ ಅಧಿನಿಯಮ, 1959ರ ಕಲಂ 25(1ಬಿ) ಮೇರೆಗೆ ಪರವಾನಗಿಯಿಲ್ಲದೆ ಬಂದೂಕು ಹೊಂದಿರುವುದಕ್ಕೆ 2 ವರ್ಷಗಳಿಗೆ ಕಡಿಮೆಯಿಲ್ಲದ, 5 ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾವಾಸ ಮತ್ತು ಜುಲ್ಮಾನೆ ವಿಧಿಸಬಹುದಾಗಿದೆ. ಆದ್ದರಿಂದ ಹಣ ಕೊಡುವ ಮುನ್ನ ಯಾವ ಬಂದೂಕು ಯಾವ ಉದ್ದೇಶಕ್ಕೆ, ಯಾವ ಕಲಮಿನಡಿ ಬರುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಅರ್ಜಿದಾರರಿಗೇ ಹಿತಕರ.

ಕಪ್ಪುಮದ್ದಿನ ತೋಟಾ ರೈಫಲ್ ಎಂದರೇನು

ಕಪ್ಪುಮದ್ದು ಎಂದರೆ ಪೆಟ್ಲುಪ್ಪು ಅಂದರೆ ಪೊಟ್ಯಾಸಿಯಂ ನೈಟ್ರೇಟ್, ಇದ್ದಿಲು ಮತ್ತು ಗಂಧಕಗಳ ಮಿಶ್ರಣ. ಇವುಗಳ ಸಾಂಪ್ರದಾಯಿಕ ಪ್ರಮಾಣ ಸುಮಾರು 75:15:10. 1884ರಲ್ಲಿ ಫ್ರಾನ್ಸ್‌ನಲ್ಲಿ ಹೊಗೆರಹಿತ ಮದ್ದು ರೂಪುಗೊಳ್ಳುವವರೆಗೆ ಜಗತ್ತಿನ ಬಹುತೇಕ ಬಂದೂಕುಗಳು ಇದನ್ನೇ ಉರಿಸುತ್ತಿದ್ದವು. ಮೊದಲು ಮದ್ದು ಮತ್ತು ಗುಂಡನ್ನು ನಳಿಕೆಯ ಬಾಯಿಯಿಂದ ತುಂಬಿ ಗಜದಿಂದ ಅದುಮಲಾಗುತ್ತಿತ್ತು. 19ನೇ ಶತಮಾನದ ಉತ್ತರಾರ್ಧದಲ್ಲಿ ಮದ್ದು, ಗುಂಡು ಮತ್ತು ಕೇಪು ಮೂರನ್ನೂ ಒಂದೇ ಲೋಹದ ಕವಚದಲ್ಲಿ ಸೇರಿಸಿದ ತೋಟಾ ರೂಢಿಗೆ ಬಂದು, ಅದನ್ನು ನಳಿಕೆಯ ಹಿಂಭಾಗದಿಂದ ಹಾಕುವ ರೈಫಲ್‌ಗಳು ತಯಾರಾದವು. ಹೀಗೆ ತೋಟಾ ಬಂದ ಮೇಲೆ ಮತ್ತು ಹೊಗೆರಹಿತ ಮದ್ದು ಬರುವ ಮೊದಲಿನ ಸುಮಾರು 25 ವರ್ಷಗಳ ಅವಧಿಗೆ ಸೇರಿದ ರೈಫಲ್‌ಗಳೇ ಕಪ್ಪುಮದ್ದಿನ ತೋಟಾ ರೈಫಲ್‌ಗಳು. ಇಂದು ಇಟಲಿಯ ಪೆಡರ್ಸೋಲಿ, ಉಬೆರ್ಟಿ ಹಾಗೂ ಅಮೆರಿಕದ ಶೈಲೋ ಶಾರ್ಪ್ಸ್ ಮೊದಲಾದ ತಯಾರಕರು ಅವುಗಳ ಪ್ರತಿರೂಪಗಳನ್ನು ಹೊಸ ಉಕ್ಕಿನಿಂದ ತಯಾರಿಸುತ್ತಾರೆ. ಇವು ಪ್ರದರ್ಶನದ ಗೊಂಬೆ ಬಂದೂಕುಗಳಲ್ಲ, ನಿಜವಾದ ತೋಟಾ ಹಾರಿಸುವ ಪೂರ್ಣ ಪ್ರಮಾಣದ ಬಂದೂಕುಗಳು.

ಪ್ರಮುಖ ಮಾದರಿಗಳ ಹೋಲಿಕೆ

ಪ್ರತಿರೂಪಗಳಲ್ಲಿ ಗುರಿ ಹೊಡೆಯುವವರು ಹೆಚ್ಚಾಗಿ ಬಯಸುವುದು 1874ರ ಮಾದರಿಯ ಶಾರ್ಪ್ಸ್ ರೈಫಲ್. ಕೆಳಗಿನ ಸನ್ನೆಯನ್ನು ಮುಂದಕ್ಕೆ ಒತ್ತಿದಾಗ ನಳಿಕೆಯ ಹಿಂಬದಿಯ ಉಕ್ಕಿನ ದಿಮ್ಮಿಯು ನೇರವಾಗಿ ಕೆಳಗಿಳಿಯುತ್ತದೆ. ತೋಟಾ ಹಾಕಿ ಸನ್ನೆಯನ್ನು ಹಿಂದಕ್ಕೆಳೆದರೆ ದಿಮ್ಮಿ ಮೇಲೇರಿ ಬಿಗಿಯುತ್ತದೆ. ರಚನೆ ಗಟ್ಟಿಯಾಗಿದ್ದು ದೊಡ್ಡ ತೋಟಾಗಳನ್ನೂ ತಾಳಿಕೊಳ್ಳುತ್ತದೆ. ಹಲವು ಪ್ರತಿರೂಪಗಳಲ್ಲಿ ಎರಡು ಟ್ರಿಗರ್‌ಗಳಿದ್ದು, ಹಿಂದಿನದನ್ನು ಎಳೆದು ಸಜ್ಜುಗೊಳಿಸಿದ ನಂತರ ಮುಂದಿನದು ಅತಿ ಹಗುರ ಸ್ಪರ್ಶಕ್ಕೇ ಬಿಡುಗಡೆಯಾಗುತ್ತದೆ. ಇದರಿಂದ ಗುರಿ ಅಲುಗುವುದಿಲ್ಲ. ಹೊರಗಿರುವ ಭಾರವಾದ ಹ್ಯಾಮರ್ ಬೀಳಲು ತೆಗೆದುಕೊಳ್ಳುವ ಸಮಯ ಮಾತ್ರ ಹೆಚ್ಚು. ಆ ಕ್ಷಣದಲ್ಲಿ ಕೈ ನಡುಗಿದರೆ ಗುಂಡು ಬೇರೆಡೆಗೆ ಹೋಗುತ್ತದೆ. ದಿಮ್ಮಿಯ ಸಂದಿಗೆ ಮದ್ದಿನ ಮಸಿ ಸೇರಿ ಸನ್ನೆ ಬಿಗಿಯಾಗುವುದು ಇದರ ಮತ್ತೊಂದು ತೊಡಕು.

ರೆಮಿಂಗ್ಟನ್ ರೋಲಿಂಗ್ ಬ್ಲಾಕ್ ಮಾದರಿಯು ಇದಕ್ಕಿಂತ ಸರಳ. ಮೊದಲು ಹ್ಯಾಮರನ್ನು ಹಿಂದಕ್ಕೆಳೆಯಬೇಕು, ಬಳಿಕ ಹೆಬ್ಬೆರಳಿನಿಂದ ದಿಮ್ಮಿಯನ್ನು ಹಿಂದಕ್ಕೆ ಉರುಳಿಸಬೇಕು. ಚಲಿಸುವ ಭಾಗಗಳು ಕಡಿಮೆ. ಮಸಿ ಕಟ್ಟಿದರೂ ಬಿಚ್ಚಿ ತೊಳೆಯುವುದು ಸುಲಭ. ಹೊಸಬರ ಕೈಗೆ ಶಾರ್ಪ್ಸ್‌ಗಿಂತ ಇದೇ ಹೊಂದುವುದೆಂದು ಹೇಳಬಹುದು. 1885ರ ವಿಂಚೆಸ್ಟರ್ ಹೈ ವಾಲ್ ಮಾದರಿಯು ಜಾನ್ ಬ್ರೌನಿಂಗ್ ಅವರ ವಿನ್ಯಾಸ. ಇದರ ಹ್ಯಾಮರ್ ಹಗುರವಾಗಿದ್ದು ಬೇಗ ಬೀಳುವುದರಿಂದ, ಶುದ್ಧವಾಗಿ ಗುರಿಯ ದೃಷ್ಟಿಯಿಂದ ನೋಡಿದರೆ ಮೂರರಲ್ಲಿ ಇದಕ್ಕೇ ಅನುಕೂಲ ಹೆಚ್ಚು. 1873ರ ಸ್ಪ್ರಿಂಗ್‌ಫೀಲ್ಡ್ ಮಾದರಿಯಲ್ಲಿ ನಳಿಕೆಯ ಹಿಂಬದಿಯ ಮುಚ್ಚಳ ಪೆಟ್ಟಿಗೆಯ ಬಾಗಿಲಿನಂತೆ ಮೇಲಕ್ಕೆ ತೆರೆದುಕೊಳ್ಳುತ್ತದೆ. ಇದು ಉಳಿದವುಗಳಷ್ಟು ಗಟ್ಟಿಯಲ್ಲ. ಸೈನ್ಯದ ಹಳೆಯ ಬಂದೂಕೆಂಬ ಆಸಕ್ತಿಯಿಂದ ಕೊಳ್ಳುವವರಿಗೆ ಹೊರತು ಸ್ಪರ್ಧೆಗೆ ಇದನ್ನು ಆಯ್ಕೆ ಮಾಡಬೇಕಾದ ಕಾರಣ ಕಾಣುವುದಿಲ್ಲ.

ಭಾರತದ ಚರಿತ್ರೆಗೆ ಹತ್ತಿರವಾದುದು ಮಾರ್ಟಿನಿ-ಹೆನ್ರಿ. 1871ರಲ್ಲಿ ಬ್ರಿಟಿಷ್ ಸೈನ್ಯ ಇದನ್ನು ಅಂಗೀಕರಿಸಿತು. ಸುಮಾರು 85 ಗ್ರೇನ್ ಅಂದರೆ ಐದೂವರೆ ಗ್ರಾಂ ಮದ್ದು ಮತ್ತು 480 ಗ್ರೇನ್ ಅಂದರೆ 31 ಗ್ರಾಂ ಸೀಸದ ಗುಂಡು ಇದರ ತೋಟಾದಲ್ಲಿದ್ದವು. ಹೊರಗೆ ಹ್ಯಾಮರ್ ಇಲ್ಲ. ಸನ್ನೆಯನ್ನು ಇಳಿಸಿದೊಡನೆ ಒಳಗಿನ ಮೊಳೆ ತಾನೇ ಸಜ್ಜಾಗುತ್ತದೆ. ಆದ್ದರಿಂದ ಹೊಡೆಯುವ ವೇಗ ಹೆಚ್ಚು, ಹಿಂದೊದೆತವೂ ಹೆಚ್ಚು. ಇದೇ ತೋಟಾದ ಕಾರಣದಿಂದ ನಡೆದ ಒಂದು ಸಂಗತಿಯನ್ನು ಇಲ್ಲಿ ಗಮನಿಸಬಹುದು. ದಂಗೆಕೋರರ ಕೈಗೆ ಮಾರ್ಟಿನಿಗೆ ಹೊಂದುವ ಗುಂಡುಗಳು ಸಿಗಬಾರದೆಂದು 1907ರ ಸುಮಾರಿಗೆ ಭಾರತಕ್ಕೆ .450 ಬೋರಿನ ತೋಟಾಗಳ ಆಮದನ್ನು ನಿಷೇಧಿಸಲಾಯಿತು. ಇಂಗ್ಲೆಂಡಿನ ತಯಾರಕರು .470 ಮೊದಲಾದ ಹೊಸ ಅಳತೆಗಳನ್ನು ರೂಪಿಸಿಕೊಂಡರು. ಬಂದೂಕಿನ ಬೋರ್ ಯಾವುದೆಂಬುದು ಪರವಾನಗಿಯ ವಿಷಯದಲ್ಲಿ ಎಷ್ಟು ಮುಖ್ಯವೆಂಬುದಕ್ಕೆ ಇದು ಹಳೆಯ ನಿದರ್ಶನ.

ಈ ರೈಫಲ್‌ಗಳ ಪೈಕಿ ಹೆಚ್ಚು ಪ್ರಚಲಿತವಾದ ತೋಟಾ .45-70. ಮೊದಲ ಸಂಖ್ಯೆ ಬೋರನ್ನು ಇಂಚಿನಲ್ಲಿ, ಎರಡನೆಯದು ಮದ್ದಿನ ತೂಕವನ್ನು ಗ್ರೇನ್‌ಗಳಲ್ಲಿ ಸೂಚಿಸುತ್ತದೆ. ಮೂಲ ತೋಟಾದ ಗುಂಡು 405 ಗ್ರೇನ್ ತೂಗುತ್ತಿತ್ತು. ಇಂತಹ ಗುಂಡು ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 2,000 ಜೌಲ್ ಮೀರುತ್ತದೆ. ಅಮೆರಿಕದಲ್ಲಿ ನಡೆಯುವ ಕಪ್ಪುಮದ್ದಿನ ರೈಫಲ್ ಸ್ಪರ್ಧೆಗಳಲ್ಲಿ ಉಕ್ಕಿನ ತಗಡಿನ ಕೋಳಿ, ಹಂದಿ, ಟರ್ಕಿಕೋಳಿ ಮತ್ತು ಟಗರುಗಳನ್ನು ಅನುಕ್ರಮವಾಗಿ 200, 300, 385 ಮತ್ತು 500 ಮೀಟರ್ ದೂರದಲ್ಲಿ ನಿಲ್ಲಿಸಿ ಹೊಡೆಯಲಾಗುತ್ತದೆ. 500 ಮೀಟರ್ ತಲುಪಲು ಗುಂಡು ಒಂದೂವರೆ ಸೆಕೆಂಡಿಗೂ ಹೆಚ್ಚು ಸಮಯ ತೆಗೆದುಕೊಳ್ಳುವುದರಿಂದ ಗಾಳಿಯ ಲೆಕ್ಕ ತಪ್ಪಿದರೆ ಗುರಿಯೂ ತಪ್ಪುತ್ತದೆ. ಈ ಕ್ರೀಡೆಯ ಸ್ವಾರಸ್ಯವೂ ಅದರಲ್ಲೇ ಇದೆ. ಅರ್ಧ ಕಿಲೋಮೀಟರಿನ ಸುರಕ್ಷಿತ ಮೈದಾನ, ಗುಂಡು ತಡೆಯುವ ಎತ್ತರದ ಮಣ್ಣಿನ ದಿಣ್ಣೆ ಇಲ್ಲದೆ ಇದನ್ನು ನಡೆಸುವಂತಿಲ್ಲ. ಸ್ವಂತ ಹೊಲವಿದೆ ಎಂಬುದು ಇದಕ್ಕೆ ಉತ್ತರವಾಗುವುದಿಲ್ಲ.

ಕಾನೂನಿನ ದೃಷ್ಟಿಯಲ್ಲಿ ಈ ರೈಫಲ್‌ಗಳ ಸ್ಥಾನ

ಆಯುಧ ಅಧಿನಿಯಮದ ಕಲಂ 13(3) ಅರ್ಜಿಗಳನ್ನು ಎರಡು ಬಗೆಯಾಗಿ ನೋಡುತ್ತದೆ. ಖಂಡ (ಎ) ಅಡಿಯಲ್ಲಿ ಬರುವವು ಮೂರು: 20 ಇಂಚಿಗೆ ಕಡಿಮೆಯಿಲ್ಲದ ನಳಿಕೆಯುಳ್ಳ, ಒಳಗೀರುಗಳಿಲ್ಲದ ನುಣುಪು ನಳಿಕೆಯ ಬಂದೂಕು, ರಕ್ಷಣೆ ಅಥವಾ ಕ್ರೀಡೆಗಾಗಿ, ಬಾಯಿಯಿಂದ ಮದ್ದು ತುಂಬುವ ಬಂದೂಕು, ನೈಜ ಬೆಳೆ ರಕ್ಷಣೆಗಾಗಿ, ಮತ್ತು ಪಾಯಿಂಟ್ 22 ಬೋರ್ ರೈಫಲ್ ಅಥವಾ ಏರ್ ರೈಫಲ್, ಕೇಂದ್ರ ಸರ್ಕಾರದಿಂದ ಪರವಾನಗಿ ಅಥವಾ ಮಾನ್ಯತೆ ಪಡೆದ ರೈಫಲ್ ಕ್ಲಬ್ ಅಥವಾ ಸಂಘದ ಸದಸ್ಯರ ಗುರಿ ಅಭ್ಯಾಸಕ್ಕಾಗಿ. ಇವುಗಳಿಗೆ, ಕಲಂ 14ರಲ್ಲಿ ಹೇಳಿದ ನಿರಾಕರಣೆಯ ಕಾರಣಗಳು ಇಲ್ಲದಿದ್ದಲ್ಲಿ, ಪರವಾನಗಿ ನೀಡತಕ್ಕದ್ದೆಂದು ಕಾನೂನು ಹೇಳುತ್ತದೆ. ಉಳಿದೆಲ್ಲವೂ ಖಂಡ (ಬಿ)ಗೆ ಸೇರುತ್ತವೆ. ಅಲ್ಲಿ ಅರ್ಜಿದಾರರಿಗೆ ಬಂದೂಕು ಹೊಂದಲು ಸಕಾರಣವಿದೆಯೆಂದು ಪರವಾನಗಿ ಪ್ರಾಧಿಕಾರಕ್ಕೆ ಮನವರಿಕೆಯಾಗಬೇಕು.

ಕಪ್ಪುಮದ್ದಿನ ತೋಟಾ ರೈಫಲ್‌ನ ನಳಿಕೆಯಲ್ಲಿ ಸುರುಳಿಯಾಕಾರದ ಒಳಗೀರುಗಳಿರುತ್ತವೆ. ಆದ್ದರಿಂದ ಅದು ನುಣುಪು ನಳಿಕೆಯ ಬಂದೂಕಲ್ಲ. ಹಿಂಭಾಗದಿಂದ ತೋಟಾ ಹಾಕುವುದರಿಂದ ಬಾಯಿಯಿಂದ ತುಂಬುವ ಬಂದೂಕೂ ಅಲ್ಲ, ಪಾಯಿಂಟ್ 22 ಅಂತೂ ಅಲ್ಲವೇ ಅಲ್ಲ. ಹೀಗಾಗಿ ಅದು ಖಂಡ (ಬಿ)ಯಡಿ ಬರುವ ದೊಡ್ಡ ಬೋರಿನ ರೈಫಲ್. ಮಾದರಿ 1874ರದ್ದು, ತಯಾರಿಕೆ ಹೋದ ವರ್ಷದ್ದು ಎಂದಾದರೆ ಕಾನೂನು ನೋಡುವುದು ಗುಂಡು ಹಾರಿಸುವ ಸಾಮರ್ಥ್ಯವನ್ನು, ಮಾದರಿಯ ವಯಸ್ಸನ್ನಲ್ಲ.

ಕಲಂ 45(ಸಿ) ಹಳೆಯ ಮಾದರಿಯ ಅಥವಾ ಪ್ರಾಚೀನ ಮೌಲ್ಯದ ಆಯುಧಗಳಿಗೆ ವಿನಾಯಿತಿ ನೀಡುತ್ತದೆ ಎಂಬುದನ್ನು ಕೆಲವರು ಎತ್ತಿ ತೋರಿಸುತ್ತಾರೆ. ಆ ಉಪಬಂಧವನ್ನು ಪೂರ್ತಿ ಓದತಕ್ಕದ್ದು. ದುರಸ್ತಿ ಮಾಡಿ ಅಥವಾ ಮಾಡದೆ ಬಂದೂಕಾಗಿ ಬಳಸಲು ಸಾಧ್ಯವೇ ಇಲ್ಲದ ಆಯುಧಕ್ಕೆ ಮಾತ್ರ ಆ ವಿನಾಯಿತಿ. ಮಿಸ್ತ್ರಿಯೊಬ್ಬ ಒಂದು ದಿನದಲ್ಲಿ ಸರಿಪಡಿಸಬಹುದಾದ ಬಂದೂಕಿಗೆ ಅದು ದೊರೆಯುವುದಿಲ್ಲ. ಗೃಹ ಮಂತ್ರಾಲಯವು 2020ರ ಫೆಬ್ರವರಿಯಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಕುತೂಹಲ ವಸ್ತು ಅಂದರೆ ಕ್ಯೂರಿಯೋ ವರ್ಗದ ಸಣ್ಣ ಆಯುಧಗಳನ್ನು ಹೊಂದಲು ಭಾರತದ ನಾಗರಿಕರಿಗೆ ಪರವಾನಗಿ ಬೇಡವೆಂದು ತಿಳಿಸಲಾಗಿದೆ. ಆದರೆ ಅವುಗಳನ್ನು ಬಳಸಲು, ಒಯ್ಯಲು ಅಥವಾ ಸಾಗಿಸಲು ಪರವಾನಗಿ ಬೇಕು, ಮತ್ತು ಪರವಾನಗಿಯಲ್ಲಿ ನಮೂದಿಸದ ಹೊರತು ಅವುಗಳಿಗೆ ಮದ್ದುಗುಂಡು ಮಾರುವಂತಿಲ್ಲ. ಗೋಡೆಯ ಮೇಲೆ ತೂಗುಹಾಕುವವರಿಗೆ ಇದರಿಂದ ಅನುಕೂಲವಾಗಿದೆ. ಗುರಿ ಹೊಡೆಯುವವರಿಗೆ ಏನೂ ಬದಲಾಗಿಲ್ಲ.

ತರಿಸಿಕೊಳ್ಳುವ ಪ್ರಶ್ನೆಯೂ ಇದೆ. ಬಂದೂಕಿನ ಆಮದಿಗೆ ಕಲಂ 10ರಡಿ ಪ್ರತ್ಯೇಕ ಪರವಾನಗಿ ಬೇಕು. ವಿದೇಶ ವ್ಯಾಪಾರ ನೀತಿಯಲ್ಲಿಯೂ ಬಂದೂಕುಗಳ ಆಮದು ನಿರ್ಬಂಧಿತವಾಗಿದ್ದು, ಖ್ಯಾತ ಗುರಿಕಾರರು ಮತ್ತು ರೈಫಲ್ ಸಂಘಗಳಿಗೆ ಶಿಫಾರಸಿನ ಮೇರೆಗೆ ಅವಕಾಶ ದೊರೆಯುತ್ತದೆ. ಅಮೆರಿಕದಲ್ಲಿರುವ ಮಗ ಅಥವಾ ಅಳಿಯ ಬರುವಾಗ ತರಬಹುದೇ ಎಂಬ ಪ್ರಶ್ನೆ ಹುಬ್ಬಳ್ಳಿ-ಧಾರವಾಡದಂತಹ ಊರಿನಲ್ಲಿ ಸಹಜ. ಅಲ್ಲಿನ ಒಕ್ಕೂಟ ಕಾನೂನಿನಲ್ಲಿ ಬಾಯಿಯಿಂದ ಮದ್ದು ತುಂಬುವ ಪ್ರತಿರೂಪಗಳನ್ನು ಪ್ರಾಚೀನ ಆಯುಧವೆಂದು ಪರಿಗಣಿಸುವುದರಿಂದ ಅವು ಸುಲಭವಾಗಿ ಕೊಳ್ಳಲು ಸಿಗುತ್ತವೆ. .45-70 ತೋಟಾ ಹಾರಿಸುವ ಪ್ರತಿರೂಪಗಳು ಅಲ್ಲಿಯೂ ಬಂದೂಕುಗಳೇ. ಅಲ್ಲಿನ ಅಂಗಡಿಯ ರಸೀದಿ ಎರಡಕ್ಕೂ ಇಲ್ಲಿ ಪರವಾನಗಿಯಾಗುವುದಿಲ್ಲ. ಆಮದು ಪರವಾನಗಿ ಕೈಗೆ ಬರುವ ಮುನ್ನ ವಿಮಾನದ ಸಾಮಾನಿನಲ್ಲಿ ತಂದ ಬಂದೂಕು ಸೀಮಾಸುಂಕ ಅಧಿಕಾರಿಗಳ ವಶಕ್ಕೆ ಹೋಗುವುದಲ್ಲದೆ ತಂದವರ ಮೇಲೆ ಪ್ರಕರಣವೂ ದಾಖಲಾಗಬಹುದು.

ಇನ್ನು ತೋಟಾ. ಬಂದೂಕು ಹೇಗೋ ದೊರೆತರೂ ಪ್ರತಿ ವರ್ಷದ ಖರ್ಚು ತೋಟಾದ್ದು. ದೇಶೀಯ ಕಾರ್ಖಾನೆಗಳು ನಾಗರಿಕರಿಗಾಗಿ 12 ಬೋರ್, ಪಾಯಿಂಟ್ 22, .315, .32 ಮುಂತಾದ ತೋಟಾಗಳನ್ನು ತಯಾರಿಸುತ್ತವೆ. .45-70 ಅವುಗಳಲ್ಲಿಲ್ಲ. ವಿದೇಶದ ಕಪ್ಪುಮದ್ದಿನ ಗುರಿಕಾರರು ಖಾಲಿ ಕವಚಗಳಿಗೆ ತಾವೇ ಮದ್ದು ತುಂಬಿಕೊಳ್ಳುತ್ತಾರೆ. ಇಲ್ಲಿ ಮದ್ದುಗುಂಡಿನ ತಯಾರಿಕೆ ಕಲಂ 5ರಡಿ ಪರವಾನಗಿಗೆ ಒಳಪಟ್ಟಿದೆ. ಕಪ್ಪುಮದ್ದು ಸ್ವತಃ ಸ್ಫೋಟಕ ಅಧಿನಿಯಮ, 1884 ಮತ್ತು ಸ್ಫೋಟಕ ನಿಯಮಗಳು, 2008ರ ಮೇರೆಗೆ ಸ್ಫೋಟಕಗಳ 1ನೇ ವರ್ಗಕ್ಕೆ ಸೇರಿದೆ. ಮನೆಯಲ್ಲಿ ಪೆಟ್ಲುಪ್ಪು, ಇದ್ದಿಲು ಕುಟ್ಟಿ ಮದ್ದು ತಯಾರಿಸುವುದು ಅಪರಾಧ ಮಾತ್ರವಲ್ಲ, ಒರಳಿನ ಒಂದು ಕಿಡಿಗೆ ಮನೆಯೇ ಹೋಗಬಹುದಾದ ಕೆಲಸ.

ಕೇಪಿನ ಬಂದೂಕು ಮತ್ತು ಬೆಳೆ ರಕ್ಷಣೆ

ಧಾರವಾಡ ಜಿಲ್ಲೆಯಲ್ಲಿ ಕಪ್ಪುಮದ್ದಿನ ಬಂದೂಕು ಎಂದರೆ ವಾಸ್ತವದಲ್ಲಿ ಕೇಪಿನ ಬಂದೂಕೇ ಹೊರತು ಶಾರ್ಪ್ಸ್ ಅಲ್ಲ. ದಾಖಲೆಗಳಲ್ಲಿ ಇದನ್ನು ಎಸ್.ಬಿ.ಎಂ.ಎಲ್. ಎಂದು ಬರೆಯಲಾಗಿರುತ್ತದೆ. ಒಂದೇ ನಳಿಕೆಯ, ಬಾಯಿಯಿಂದ ಮದ್ದು ತುಂಬುವ ಬಂದೂಕು ಎಂದು ಇದರ ಅರ್ಥ. ಕಲಘಟಗಿ, ಅಳ್ನಾವರ ಮೊದಲಾದ ಕಾಡಂಚಿನ ತಾಲೂಕುಗಳ ರೈತರು ಕಾಡುಹಂದಿಗಳಿಂದ ಬೆಳೆ ಕಾಯಲು ಇದಕ್ಕೆ ಪರವಾನಗಿ ಕೋರುತ್ತಾರೆ. ಕಾನೂನು ಈ ಬಂದೂಕನ್ನು ಹೆಸರಿಸಿರುವುದೂ ಬೆಳೆ ರಕ್ಷಣೆಗಾಗಿಯೇ. ಬೆಳೆ ರಕ್ಷಣೆಗೆಂದು ಪಡೆದ ಪರವಾನಗಿಯ ಮೇಲೆ ಗುರಿ ಸ್ಪರ್ಧೆಗೆ ಬಂದೂಕು ಒಯ್ಯುವುದು ಪರವಾನಗಿಯ ಉದ್ದೇಶವನ್ನು ಮೀರಿದಂತಾಗುತ್ತದೆ. ಈ ಪರವಾನಗಿ ಬೇಟೆಯ ಅನುಮತಿಯೂ ಅಲ್ಲ. ಯಾವುದೇ ವನ್ಯಪ್ರಾಣಿಯನ್ನು ಕೊಲ್ಲಲು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಮೇರೆಗೆ ಸಕ್ಷಮ ಅರಣ್ಯಾಧಿಕಾರಿಯ ಪ್ರತ್ಯೇಕ ಲಿಖಿತ ಅನುಮತಿ ಬೇಕು.

ಗುರಿಯ ಸಾಧನವಾಗಿಯೂ ಇದರ ಮಿತಿ ದೊಡ್ಡದು. ನುಣುಪು ನಳಿಕೆಯಿಂದ ಹೊರಟ ದುಂಡನೆಯ ಗುಂಡಿಗೆ ತಿರುಗುವಿಕೆ ಇಲ್ಲದ ಕಾರಣ 50 ಮೀಟರ್ ದಾಟಿದ ಮೇಲೆ ಅದು ಎತ್ತ ಹೋಗುವುದೆಂದು ನಂಬುವಂತಿಲ್ಲ. ಕಪ್ಪುಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಮಸಿ ಮತ್ತು ಹೊಗೆಯಾಗಿ ಉಳಿಯುತ್ತದೆ. ಆ ಮಸಿ ಗಾಳಿಯ ತೇವವನ್ನು ಹೀರುತ್ತದೆ. ಧಾರವಾಡದ ಮಳೆಗಾಲದಲ್ಲಿ ಹೊಡೆದ ಬಂದೂಕನ್ನು ಅದೇ ದಿನ ಬಿಸಿನೀರಿನಿಂದ ತೊಳೆದು, ಒರೆಸಿ, ಎಣ್ಣೆ ಹಚ್ಚದಿದ್ದರೆ ಮರುದಿನ ತುಕ್ಕು ಕಾಣುತ್ತದೆ. ಕಪ್ಪುಮದ್ದಿನ ಬಂದೂಕಿಗೆ ಹೊಗೆರಹಿತ ಮದ್ದನ್ನು ಎಂದಿಗೂ ಹಾಕಬಾರದು. ಅದರ ಒತ್ತಡವನ್ನು ಹಳೆಯ ನಳಿಕೆ ತಾಳಲಾರದೆ ಸಿಡಿದು ಹೊಡೆಯುವವರ ಕೈ, ಕಣ್ಣುಗಳಿಗೆ ಹಾನಿಯಾಗುತ್ತದೆ. 12 ಬೋರಿನ ತೋಟಾ ಒಡೆದು ಅದರ ಮದ್ದನ್ನು ಕೇಪಿನ ಬಂದೂಕಿಗೆ ತುಂಬುವುದು ಇದೇ ತಪ್ಪು.

ಕೊಡಗಿನಲ್ಲಿ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುತ್ತಾರಲ್ಲವೇ ಎಂದು ಕೇಳಲಾಗುತ್ತದೆ. ಅಲ್ಲಿನ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೇಂದ್ರ ಸರ್ಕಾರ ಹಿಂದಿನಿಂದ ನೀಡುತ್ತಾ ಬಂದ ವಿನಾಯಿತಿಯನ್ನು 2019ರ ಅಕ್ಟೋಬರ್‌ನಲ್ಲಿ 10 ವರ್ಷಗಳಿಗೆ ವಿಸ್ತರಿಸಲಾಯಿತು. ಕರ್ನಾಟಕ ಉಚ್ಚ ನ್ಯಾಯಾಲಯ 2021ರ ಸೆಪ್ಟೆಂಬರ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನು ಪೂಜಿಸಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುವುದು ಆ ಪರಂಪರೆಯ ಭಾಗ. ಆ ವಿನಾಯಿತಿ ಹೆಸರಿಸಿದ ವರ್ಗಗಳಿಗೆ ಮಾತ್ರ ಸೇರಿದ್ದು, ಧಾರವಾಡ ಜಿಲ್ಲೆಯ ನಿವಾಸಿಗಳು ಅದನ್ನು ತಮಗೆ ಅನ್ವಯಿಸಿಕೊಳ್ಳುವಂತಿಲ್ಲ. ಈ ಸೀಮೆಯ ಚರಿತ್ರೆ ಬೇರೆಯೇ ಆಗಿದೆ. ಆಯುಧಗಳನ್ನು ಒಪ್ಪಿಸಬೇಕೆಂಬ ಬ್ರಿಟಿಷರ ಕಾಯಿದೆಯನ್ನು ವಿರೋಧಿಸಿ 1857ರ ನವೆಂಬರ್‌ನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಬಂಡೆದ್ದುದು ಲಾವಣಿಗಳ ಮೂಲಕ ಜನರ ನೆನಪಿನಲ್ಲಿ ಉಳಿದಿದೆ.

ದಸರೆಯ ಆಯುಧಪೂಜೆ, ಮದುವೆ ಮೆರವಣಿಗೆ ಮೊದಲಾದ ಸಂದರ್ಭಗಳಲ್ಲಿ ಪರವಾನಗಿ ಇರುವ ಬಂದೂಕಿನಿಂದಲೂ ಸಂಭ್ರಮಕ್ಕಾಗಿ ಗುಂಡು ಹಾರಿಸುವಂತಿಲ್ಲ. ಜೀವಕ್ಕೆ ಅಪಾಯವಾಗುವಂತೆ ಹೀಗೆ ಹಾರಿಸಿದರೆ ಕಲಂ 25(9)ರ ಮೇರೆಗೆ 2 ವರ್ಷಗಳವರೆಗೆ ಕಾರಾವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಎರಡೂ ಆಗಬಹುದು.

ಏರ್ ರೈಫಲ್ ಮತ್ತು ಪಾಯಿಂಟ್ 22

ಗುರಿ ಅಭ್ಯಾಸವೇ ನಿಜವಾದ ಉದ್ದೇಶವಾಗಿದ್ದಲ್ಲಿ ಹೊಸಬರಿಗೆ ಏರ್ ರೈಫಲ್ ಮೊದಲ ಆಯ್ಕೆಯಾಗುವುದು ಸೂಕ್ತ. ಆಯುಧ ನಿಯಮಗಳು, 2016ರ ಮೇರೆಗೆ ಗುಂಡಿನ ಶಕ್ತಿ 20 ಜೌಲ್ ಮೀರಿದ ಅಥವಾ ಬೋರ್ 4.5 ಮಿ.ಮೀ. ಅಂದರೆ .177 ಇಂಚು ಮೀರಿದ ಏರ್ ಗನ್‌ಗಳಿಗೆ ಪರವಾನಗಿ ಬೇಕು. ಸ್ಪರ್ಧೆಯ 10 ಮೀಟರ್ ಏರ್ ರೈಫಲ್ ಈ ಮಿತಿಯೊಳಗೆ ಬಹಳ ಕೆಳಗೇ ಇರುತ್ತದೆ. ಅದರ ಶಕ್ತಿ ಸಾಮಾನ್ಯವಾಗಿ 7-8 ಜೌಲ್. ಗುರಿ ಹಲಗೆಯ ನಡುವಿನ ಹತ್ತು ಅಂಕದ ಚುಕ್ಕೆಯ ವ್ಯಾಸ ಕೇವಲ ಅರ್ಧ ಮಿಲಿಮೀಟರ್. ಸದ್ದಿಲ್ಲ, ಹೊಗೆಯಿಲ್ಲ, ಉದ್ದನೆಯ ಒಂದು ಕೋಣೆಯಲ್ಲೂ ಅಭ್ಯಾಸ ಸಾಧ್ಯ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನದ ಪದಕ ಗೆದ್ದುದು ಇದೇ 10 ಮೀಟರ್ ಏರ್ ರೈಫಲ್ ವಿಭಾಗದಲ್ಲಿ. ಅಂಗಡಿಯಲ್ಲಿ ಪಕ್ಷಿ ಹೊಡೆಯಲೆಂದು ಕೊಳ್ಳುವ ಏರ್ ಗನ್ ಮತ್ತು ಸ್ಪರ್ಧೆಯ ಏರ್ ರೈಫಲ್ ಒಂದೇ ಅಲ್ಲ. ಪಕ್ಷಿ ಹೊಡೆಯುವುದಕ್ಕೂ ಈ ವಿನಾಯಿತಿಗೂ ಸಂಬಂಧವಿಲ್ಲ.

ಪಾಯಿಂಟ್ 22 ರೈಫಲ್ ಮುಂದಿನ ಹಂತ. ಅದರ ಗುಂಡು ಸುಮಾರು 40 ಗ್ರೇನ್, ಶಕ್ತಿ ಸುಮಾರು 140 ಜೌಲ್. ಶಾರ್ಪ್ಸ್‌ನ ಗುಂಡಿನ ಸುಮಾರು ಹದಿನೈದನೆಯ ಒಂದು ಭಾಗವಷ್ಟೇ. ಆದರೂ 50 ಮೀಟರ್ ದೂರದಲ್ಲಿ 10.4 ಮಿ.ಮೀ. ಅಗಲದ ಹತ್ತರ ವರ್ತುಲವನ್ನು ಮತ್ತೆ ಮತ್ತೆ ತಾಕಿಸುವ ನಿಖರತೆ ಇದಕ್ಕಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆ ಈ ರೈಫಲ್‌ನದು. ಇದಕ್ಕೆ ಪರವಾನಗಿ ಕಡ್ಡಾಯ. ಮಾನ್ಯತೆ ಪಡೆದ ಕ್ಲಬ್ ಅಥವಾ ಸಂಘದ ಸದಸ್ಯತ್ವದ ದಾಖಲೆಯನ್ನು ಅರ್ಜಿಯೊಂದಿಗೆ ಇಟ್ಟಲ್ಲಿ ಅರ್ಜಿ ಕಲಂ 13(3)(ಎ) ಅಡಿ ಬರುತ್ತದೆ. ಇಡದಿದ್ದಲ್ಲಿ ಖಂಡ (ಬಿ)ಗೆ ಜಾರುತ್ತದೆ. ಒಂದು ಸದಸ್ಯತ್ವ ಪತ್ರದ ವ್ಯತ್ಯಾಸವಷ್ಟೇ, ಆದರೆ ಫಲಿತಾಂಶ ಅದರ ಮೇಲೆಯೇ ನಿಲ್ಲಬಹುದು. ಕ್ಲಬ್‌ಗೆ ಸೇರುವಾಗ ಅದಕ್ಕೆ ಮಾನ್ಯತೆ ಇದೆಯೇ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯತಕ್ಕದ್ದು. ತರಬೇತಿ ಶಿಬಿರದ ರಸೀದಿ ಸದಸ್ಯತ್ವವಲ್ಲ.

12 ಬೋರಿನ ಬಂದೂಕು ಹಾರುವ ಮಣ್ಣಿನ ತಟ್ಟೆಗಳಿಗೆ ಹೊಡೆಯುವ ಟ್ರ್ಯಾಪ್ ಮತ್ತು ಸ್ಕೀಟ್ ಸ್ಪರ್ಧೆಗಳಿಗೆ ತಕ್ಕುದು. ಸ್ಥಿರ ಗುರಿಗೆ ಅದರ ಉಪಯೋಗವಿಲ್ಲ.

ಅರ್ಜಿ ಎಲ್ಲಿ, ಹೇಗೆ

ಅಧಿನಿಯಮದ ಕಲಂ 2(1)(ಡಿ) ಮೇರೆಗೆ ಪೊಲೀಸ್ ಆಯುಕ್ತರನ್ನು ನೇಮಿಸಿರುವ ಪ್ರದೇಶದಲ್ಲಿ ಜಿಲ್ಲಾ ದಂಡಾಧಿಕಾರಿ ಎಂದರೆ ಪೊಲೀಸ್ ಆಯುಕ್ತರು. ಆದ್ದರಿಂದ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಪೊಲೀಸ್ ಆಯುಕ್ತಾಲಯದ ವ್ಯಾಪ್ತಿಯಲ್ಲಿ ವಾಸಿಸುವವರು ನವನಗರದಲ್ಲಿರುವ ಆಯುಕ್ತರ ಕಚೇರಿಗೆ, ಜಿಲ್ಲೆಯ ಉಳಿದ ಭಾಗದವರು ಧಾರವಾಡದ ಜಿಲ್ಲಾಧಿಕಾರಿಗಳ ಕಚೇರಿಗೆ ಸೇರುತ್ತಾರೆ. ಊರಿನ ಹೆಸರು ನೋಡಿ ನಿರ್ಧರಿಸಬಾರದು. ಮನೆ ಯಾವ ಪೊಲೀಸ್ ಠಾಣೆಯ ವ್ಯಾಪ್ತಿಯಲ್ಲಿದೆ, ಆ ಠಾಣೆ ಆಯುಕ್ತಾಲಯಕ್ಕೆ ಸೇರಿದೆಯೋ ಜಿಲ್ಲಾ ಪೊಲೀಸರಿಗೋ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು. ತಪ್ಪು ಕಚೇರಿಗೆ ಸಲ್ಲಿಸಿದ ಅರ್ಜಿ ಮರಳಿ ಬರುವಷ್ಟರಲ್ಲಿ ವಾರಗಳು ಕಳೆಯುತ್ತವೆ.

ಅರ್ಜಿಯನ್ನು ನಮೂನೆ ಎ-1ರಲ್ಲಿ, ಆಯುಧ ಪರವಾನಗಿಗಳ ರಾಷ್ಟ್ರೀಯ ದತ್ತಾಂಶ ವ್ಯವಸ್ಥೆಯ ಮೂಲಕ ಸಲ್ಲಿಸಬೇಕು. ಪ್ರತಿ ಪರವಾನಗಿದಾರರಿಗೂ ಅಲ್ಲಿ ವಿಶಿಷ್ಟ ಗುರುತಿನ ಸಂಖ್ಯೆ ದೊರೆಯುತ್ತದೆ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕವರು ತರಬೇತಿಯ ಸಮಯದಲ್ಲಿ ನಿಯಮಗಳ ಷರತ್ತುಗಳಿಗೆ ಒಳಪಟ್ಟು ಬಳಸಬಹುದು. ಸುರಕ್ಷಿತ ಬಳಕೆಯ ತರಬೇತಿಯ ಪ್ರಮಾಣಪತ್ರ ನಮೂನೆ ಎಸ್-1ರಲ್ಲಿ, ಬಂದೂಕನ್ನು ಸುರಕ್ಷಿತವಾಗಿ ಇಡುವ ಘೋಷಣೆ ಎಸ್-2ರಲ್ಲಿ, ವೈದ್ಯಕೀಯ ಪ್ರಮಾಣಪತ್ರ ಎಸ್-3ರಲ್ಲಿ ಇರಬೇಕು. ಅರ್ಜಿಯಲ್ಲಿ ಉದ್ದೇಶದ ಅಂಕಣವನ್ನು ತುಂಬುವಾಗ ಹೆಚ್ಚಿನ ಎಚ್ಚರ ಬೇಕು. ಗುರಿ ಅಭ್ಯಾಸ ಬೇಕಾದವರು ಸುಲಭವಾದೀತೆಂದು ಬೆಳೆ ರಕ್ಷಣೆ ಅಥವಾ ಜೀವರಕ್ಷಣೆ ಎಂದು ಬರೆದರೆ, ಪೊಲೀಸ್ ವರದಿಯಲ್ಲಿ ಹೊಲವಿಲ್ಲ, ಬೆದರಿಕೆಯಿಲ್ಲ ಎಂದು ದಾಖಲಾಗಿ ಅರ್ಜಿ ನಿರಾಕರಣೆಯಾಗುತ್ತದೆ. ಸುಳ್ಳು ಮಾಹಿತಿಯ ಮೇಲೆ ಪಡೆದ ಪರವಾನಗಿಯನ್ನು ಕಲಂ 17ರಡಿ ರದ್ದುಪಡಿಸಬಹುದು. ಆಸ್ತಿ ಕಡಿಮೆಯಿದೆ ಎಂಬ ಕಾರಣವೊಂದರಿಂದಲೇ ಯಾರಿಗೂ ಪರವಾನಗಿ ನಿರಾಕರಿಸುವಂತಿಲ್ಲವೆಂದು ಕಲಂ 14(2) ಹೇಳುತ್ತದೆ. ನಿರಾಕರಿಸಿದಲ್ಲಿ ಕಾರಣಗಳನ್ನು ಬರಹದಲ್ಲಿ ದಾಖಲಿಸತಕ್ಕದ್ದು. ಸಾರ್ವಜನಿಕ ಹಿತಕ್ಕೆ ಬಾಧಕವಾಗದ ಹೊರತು ಕೇಳಿದವರಿಗೆ ಅವುಗಳ ಸಂಕ್ಷಿಪ್ತ ವಿವರ ದೊರೆಯುತ್ತದೆ. ಕಲಂ 18ರಡಿ ಮೇಲ್ಮನವಿಗೂ ಅವಕಾಶವಿದೆ.

2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 3 ವರ್ಷಗಳಿಂದ 5 ವರ್ಷಗಳಿಗೆ ಏರಿದೆ. ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಖ್ಯಾತ ಗುರಿಕಾರರು ಮತ್ತು ಪದಕ ವಿಜೇತರಿಗೆ ಪ್ರತ್ಯೇಕ ಮಿತಿಗಳಿವೆ.

ಅಜ್ಜನ ಕಾಲದ ಬಂದೂಕು ಮನೆಯಲ್ಲಿದ್ದರೆ

ಪರವಾನಗಿದಾರರು ತೀರಿಕೊಂಡ ನಂತರ ಅವರ ಬಂದೂಕು ಮನೆಯ ಅಟ್ಟದ ಮೇಲೆ ಉಳಿಯುವುದು ಸಾಮಾನ್ಯ. ಕುಟುಂಬದವರಿಗೆ ದುರುದ್ದೇಶವಿರುವುದಿಲ್ಲ, ಆದರೆ ಪರವಾನಗಿ ತೀರಿಕೊಂಡವರ ಹೆಸರಿನಲ್ಲಿದ್ದುದರಿಂದ ಉಳಿದವರ ಸ್ವಾಧೀನ ಕಾನೂನುಬಾಹಿರವಾಗುತ್ತದೆ. ಕಲಂ 21ರ ಮೇರೆಗೆ ಬಂದೂಕು ಮತ್ತು ಮದ್ದುಗುಂಡುಗಳನ್ನು ಅನಗತ್ಯ ವಿಳಂಬವಿಲ್ಲದೆ ಸಮೀಪದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಬೇಕು. ಠೇವಣಿ ಇಟ್ಟೊಡನೆ ಬಂದೂಕು ಸರ್ಕಾರಕ್ಕೆ ಹೋಗುವುದಿಲ್ಲ. ನಿಯಮ 25ರ ಮೇರೆಗೆ ಕಾನೂನುಬದ್ಧ ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೋರಬಹುದು. ಪರವಾನಗಿದಾರರು ಬದುಕಿರುವಾಗಲೂ, ಅವರಿಗೆ 70 ವರ್ಷ ತುಂಬಿದ ಅಥವಾ ಅವರು ಬಂದೂಕನ್ನು 25 ವರ್ಷ ಹೊಂದಿದ ನಂತರ, ಇವೆರಡರಲ್ಲಿ ಯಾವುದು ಮೊದಲೋ ಆಗ, ವಾರಸುದಾರರ ಹೆಸರಿಗೆ ವರ್ಗಾಯಿಸಲು ಅರ್ಜಿ ಸಲ್ಲಿಸಬಹುದು. ತಂದೆಯವರ ಕೈಕಾಲು ಗಟ್ಟಿಯಾಗಿರುವಾಗಲೇ ಇದನ್ನು ಮಾಡಿಕೊಂಡಲ್ಲಿ ನಂತರದ ಓಡಾಟ ತಪ್ಪುತ್ತದೆ. ಇತರ ವಾರಸುದಾರರ ಒಪ್ಪಿಗೆ ಪತ್ರವನ್ನು ಅರ್ಜಿಯೊಂದಿಗೆ ಇಡಬೇಕು. ಅಣ್ಣತಮ್ಮಂದಿರಲ್ಲಿ ಒಬ್ಬರು ಪರಸ್ಥಳದಲ್ಲಿದ್ದು ಸಹಿ ಬಾರದ ಕಾರಣಕ್ಕೆ ಅರ್ಜಿಗಳು ನಿಲ್ಲುವುದುಂಟು.

ಬಂದೂಕು ಕೆಟ್ಟಿದೆ, ಹಾರುವುದಿಲ್ಲ ಎಂದು ಮನೆಯವರೇ ನಿರ್ಧರಿಸಿ ಕಲಂ 45(ಸಿ) ವಿನಾಯಿತಿಯನ್ನು ನಂಬಿ ಕೂರಬಾರದು. ಠಾಣೆಯಲ್ಲಿ ಒಪ್ಪಿಸಿ, ಅದು ದುರಸ್ತಿಗೂ ಮೀರಿದೆಯೇ ಎಂಬ ಬಗ್ಗೆ ಲಿಖಿತ ಅಭಿಪ್ರಾಯ ಕೋರಿ, ಅದರ ಪ್ರತಿಯನ್ನು ಬಂದೂಕಿನ ಹಳೆಯ ಪರವಾನಗಿ ಪುಸ್ತಕದೊಂದಿಗೆ ಇಟ್ಟುಕೊಳ್ಳತಕ್ಕದ್ದು. ಹಳೆಯ ಪುಸ್ತಕ ಕಳೆದಿದ್ದಲ್ಲಿ ಬಂದೂಕಿನ ಮೇಲಿನ ಸಂಖ್ಯೆ, ತಯಾರಕರ ಗುರುತು ಮತ್ತು ಪರವಾನಗಿದಾರರ ಹೆಸರನ್ನು ಬರೆದುಕೊಟ್ಟು ಪರವಾನಗಿ ನೀಡಿದ ಕಚೇರಿಯಲ್ಲಿ ದಾಖಲೆ ಹುಡುಕಿಸಲು ಮನವಿ ಸಲ್ಲಿಸಬಹುದು.